ತಾಯಿತ ಕಟ್ಟಿಸಿ ನಾನು ಹೇಳಿದ ಸುಳ್ಳು

ವೈದ್ಯರೆದುರು ಕುಳಿತು, ಮನೆಯ ಮರ್ಯಾದೆ ಉಳಿಸಲೆಂದು ನೀವು ಎಷ್ಟು ಸಲ ಸುಳ್ಳು ಹೇಳಿದ್ದೀರಿ?

ನಾನು ಹೇಳಿದ್ದು ಒಂದೇ ಸಲ.

ವೇಲಚೇರಿಯ ಮನೆಯಲ್ಲಿ ಅಕ್ಕನಿಗೆ ಯಾರೂ ಆಡದ ಮಾತುಗಳು ಕೇಳಿಸತೊಡಗಿದಾಗ ಮನೋವೈದ್ಯರ ಮಾತ್ರೆ ಶುರುವಾಯಿತು. ಕೆಲವೇ ತಿಂಗಳಲ್ಲಿ ಅವಳು ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಮತ್ತೆ ಕೂತಳು. ಅಮ್ಮನಿಗೆ ಅಷ್ಟು ಸಾಲಲಿಲ್ಲ. ತಿರುವೊಟ್ಟಿಯೂರಿನಲ್ಲಿ ತಾಯಿತ ಕಟ್ಟುವವನೊಬ್ಬನ ಬಳಿಗೆ ಅವಳನ್ನು ಕರೆದೊಯ್ದರು. ಆತ ನಲವತ್ತೆಂಟು ದಿನದ ವ್ರತ ವಿಧಿಸಿದ. ಅಷ್ಟರೊಳಗೆ ಇಂಗ್ಲಿಷ್ ಮಾತ್ರೆ ನುಂಗಿದರೆ ತಾಯಿತ ಸತ್ತುಹೋಗುತ್ತದಂತೆ.

ನಾವು ಮಾತ್ರೆ ನಿಲ್ಲಿಸಿದೆವು. ಮೂರನೆಯ ವಾರಕ್ಕೆ ಆ ಮಾತುಗಳು ಮರಳಿದವು. ವೈದ್ಯರ ಕೋಣೆಯ ಹೊರಗೆ ಅಮ್ಮ ನನ್ನ ಕೈ ಹಿಡಿದರು: "ತಾಯಿತದ ಸುದ್ದಿ ಎತ್ತಬೇಡ ಮಾರಾಯ, ಬೈತಾರೆ. ನಿನಗೆ ಮಾತಾಡ್ಲಿಕ್ಕೆ ಬರ್ತದಲ್ಲ, ನೀನೇ ಮಾತಾಡು."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದವನು ನಾನು. ಮಾತ್ರೆ ಸರಿಯಾಗಿ ಕೊಡುತ್ತಿದ್ದೀರಾ ಎಂದು ವೈದ್ಯರು ಕೇಳಿದಾಗ, "ಒಂದು ದಿನವೂ ತಪ್ಪಿಲ್ಲ" ಎಂದೆ. ಹಾಗಾದರೆ ಔಷಧ ಸಾಲುತ್ತಿಲ್ಲವೆಂದು ಅವರು ಪ್ರಮಾಣ ಹೆಚ್ಚಿಸಿದರು. ಹೆದರಿದ ನಾವು ವ್ರತ ಮುರಿದು, ಹೆಚ್ಚಿಸಿದ ಮಾತ್ರೆಯನ್ನು ಅಂದೇ ಕೊಟ್ಟೆವು. ವಾರಗಟ್ಟಲೆ ಮಾತ್ರೆಯಿಲ್ಲದ ಮೈ ಒಮ್ಮೆಗೇ ಅಷ್ಟನ್ನು ತಡೆಯಲಿಲ್ಲ; ಮರುದಿನ ಬೆಳಗ್ಗೆ ಬಚ್ಚಲಿನಲ್ಲಿ ಅಕ್ಕ ತಲೆಸುತ್ತಿ ಬಿದ್ದಳು. ಮಂಡಿಚಿಪ್ಪು ಒಡೆಯಿತು. ಇಂದಿಗೂ ಅವಳು ಕೋಲಿಲ್ಲದೆ ನಡೆಯಲಾರಳು.

ತಾಯಿತ ಕಟ್ಟಿದವನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಇಚ್ಛೆಯೂ ಇಲ್ಲ. ಪ್ರತಿ ಮಂಗಳವಾರ ಅವನ ಜಗಲಿಯೆದುರು ನಿಂತು, ಕಾದು ಕುಳಿತವರಿಗೆಲ್ಲ ಅಕ್ಕನ ಕಥೆ ಹೇಳುತ್ತೇನೆ. ಒಮ್ಮೆ, ಅಮ್ಮನ ಬಾಯಿಂದ ಎಲ್ಲ ತಿಳಿದುಕೊಂಡಿದ್ದ ಆತ ಎಲ್ಲರ ಮುಂದೆ ತಮಿಳಿನಲ್ಲಿ ಕೆಣಕಿದ: "ಏನು ತಂಬಿ, ಇವತ್ತೂ ಭಾಷಣವಾ? ಮಾತ್ರೆ ಬೇಡ ಅಂದವನು ನಾನು, ಸರಿ. ಡಾಕ್ಟರಿಗೆ ಸುಳ್ಳು ಹೇಳು ಅಂತಲೂ ನಾನೇ ಹೇಳಿದೆನಾ?"

ಜನ ನಕ್ಕರು. ಅದಕ್ಕಾಗಿ ಅವನ ಮೇಲೆ ಹಗೆ ಇಮ್ಮಡಿಯಾಯಿತು.

ಮುಂದಿನ ಮಂಗಳವಾರದಿಂದ ನನ್ನ ಸುಳ್ಳನ್ನೂ ಸೇರಿಸಿಯೇ ಹೇಳತೊಡಗಿದೆ. ಜನ ನಿಜವಾಗಿ ಕಿವಿಗೊಟ್ಟದ್ದು ಆಗಲೇ. ಕಳೆದ ವಾರ ಒಬ್ಬಾಕೆ ತಾಯಿತ ಕಟ್ಟಿಸಿಕೊಂಡು, ಚೀಲದಿಂದ ಮಾತ್ರೆ ತೆಗೆದು, ಅವನ ಕಣ್ಣೆದುರೇ ನುಂಗಿದಳು. ಅವನ ಮುಖ ಕಪ್ಪಿಟ್ಟದ್ದನ್ನು ನಾನು ತೃಪ್ತಿಯಾಗುವಷ್ಟು ಹೊತ್ತು ನೋಡಿದೆ.

ತಾಯಿತ, ಹರಕೆ, ಭಸ್ಮ ನಿಮ್ಮಿಷ್ಟ. ಆದರೆ ವೈದ್ಯರು ಕೇಳಿದಾಗ ಅದನ್ನು ಮುಚ್ಚಿಡಬೇಡಿ. ಮಾತ್ರೆ ಬಿಟ್ಟಿದ್ದರೆ, ಬಿಟ್ಟಿದ್ದೇವೆಂದು ದಯವಿಟ್ಟು ಹೇಳಿ.