ಎರಡು ಲೋಕಕ್ಕೆ ಒಂದೇ ಗಂಟಲು

ಮನೆಯಲ್ಲೂ ಬೀದಿಯಲ್ಲೂ ಅವಳನ್ನು ಎಲ್ಲರೂ ಬುಗುರಿ ಎಂದೇ ಕರೆಯುತ್ತಿದ್ದರು. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಹಲ್ಲಿನ ಡಾಕ್ಟರ ಹತ್ತಿರ ಚೀಟಿ ಬರೆದಳು, ಈಜುಕೊಳದ ಬಾಗಿಲಲ್ಲಿ ಟಿಕೆಟ್ ಹರಿದಳು, ಹೂವಿನಂಗಡಿಯಲ್ಲಿ ನೀರು ಚಿಮುಕಿಸಿದಳು. ಒಂದೂ ಮೈಗೆ ಹತ್ತಲಿಲ್ಲ. ಕೊನೆಗೆ ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ನಿಲ್ದಾಣದ ಮೈಕಿನಲ್ಲಿ ಕೂಗುವ ಕೆಲಸ ಸಿಕ್ಕಿತು. ಅದು ಮಾತ್ರ ಹಿಡಿಸಿತು. ಹೊರಡುವ ಬಸ್ಸುಗಳನ್ನೆಲ್ಲ ತಾನೇ ಹೊರಡಿಸುತ್ತಿದ್ದೇನೆ ಎಂಬ ಹಿಗ್ಗು. ಅಷ್ಟರಲ್ಲಿ ಅಲ್ಲಿಗೆ ಯಂತ್ರದ ದನಿ ಬಂತು, ಇವಳನ್ನು ಮನೆಗೆ ಕಳಿಸಿದರು.

ಮನೆಯಲ್ಲಿದ್ದವಳು ಅಕ್ಕ ಒಬ್ಬಳೇ. ಮೂರನೇ ಮಹಡಿಯ ಎರಡು ಕೋಣೆಯ ಮನೆ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡು ಊರವರ ಪ್ಯಾಂಟು ಗಿಡ್ಡ ಮಾಡುವುದು, ಕೋಟಿನ ಜಿಪ್ ಬದಲಿಸುವುದು ಅಕ್ಕನ ಕಸುಬು. ಬೆಳಿಗ್ಗೆ ಕೂತರೆ ಬೆಳಕು ಹೋಗುವವರೆಗೂ ಏಳುತ್ತಿರಲಿಲ್ಲ. ತಂಗಿ ಊರೆಲ್ಲ ಸುತ್ತಿ ಬಂದು ಒದರಿದ್ದಕ್ಕೆಲ್ಲ, ಹಲ್ಲಿನಲ್ಲಿ ದಾರ ಕಚ್ಚಿಕೊಂಡೇ "ಹೂಂ" ಅನ್ನುತ್ತಿದ್ದಳು.

ನಿಲ್ದಾಣದಲ್ಲಿ ಬುಗುರಿಯ ದನಿ ಕೇಳಿ ಮೆಚ್ಚಿದ್ದ ಲೇಖಕಿಯೊಬ್ಬರು ಅವಳನ್ನು ಹುಡುಕಿಕೊಂಡು ಬಂದರು. ಹೈಸ್ಕೂಲು ಮಕ್ಕಳಿಗೆಂದು ಅವರೊಂದು ನಗೆ ಕಾದಂಬರಿ ಬರೆದಿದ್ದರು. ಅದನ್ನು ಓದಿ ಧ್ವನಿಮುದ್ರಿಸಬೇಕಿತ್ತು. ಕಥೆಯಲ್ಲಿ ಒಂದೇ ಮುಖದ ಇಬ್ಬರು ಹುಡುಗಿಯರು, ಬೇರೆ ಬೇರೆ ಲೋಕದವರು. ಒಬ್ಬಳು ಅಂತರಿಕ್ಷ ನೌಕೆಯಲ್ಲಿ ಕಸ ಗುಡಿಸುತ್ತ ಗ್ರಹದಿಂದ ಗ್ರಹಕ್ಕೆ ಹಾರುತ್ತಾಳೆ. ಇನ್ನೊಬ್ಬಳು ಅಜ್ಜಿಯ ಅಂಗಡಿ ಕಾಯುತ್ತ ರಸ್ತೆಯನ್ನೂ ದಾಟಿದವಳಲ್ಲ. ಇಬ್ಬರೂ ಒಂದೇ ಗಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರದೊಳಗೆ ತಲೆ ಹಾಕಿ, ಅದಲುಬದಲಾಗುತ್ತಾರೆ. ನೌಕೆಯವಳು ಅಂಗಡಿಗೆ ಬಂದವಳೇ ಚಮಚವನ್ನು ಗಾಳಿಯಲ್ಲಿ ಇಟ್ಟು, ಅದು ಬಿದ್ದಾಗ ಕಿಟಾರನೆ ಕಿರುಚುತ್ತಾಳೆ. ಅಂಗಡಿಯವಳು ನೌಕೆಗೆ ನುಗ್ಗಿದ ಶತ್ರುಗಳಿಗೆ "ಚಪ್ಪಲಿ ಹೊರಗೆ ಬಿಟ್ಟು ಬನ್ನಿ" ಎನ್ನುತ್ತಾಳೆ. ಅವರೋ ಸಹಸ್ರಪದಿಗಳ ಕುಲದವರು, ಅಷ್ಟೂ ಕಾಲಿನ ಚಪ್ಪಲಿ ಬಿಚ್ಚುವಷ್ಟರಲ್ಲಿ ಯುದ್ಧವೇ ಮುಗಿದಿರುತ್ತದೆ.

ಬುಗುರಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಬ್ಬಳಿಗೆ ಹಾರೋಳು, ಇನ್ನೊಬ್ಬಳಿಗೆ ಕೂರೋಳು ಎಂದು ಹೆಸರಿಟ್ಟು, ಒಪ್ಪಿಕೊಂಡೇಬಿಟ್ಟಳು.

ಕಷ್ಟ ಗೊತ್ತಾದದ್ದು ಸ್ಟುಡಿಯೋದಲ್ಲಿ. ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ಮೆತ್ತನೆಯ ಹೊದಿಕೆ, ನಡುವೆ ಒಂದು ಕುರ್ಚಿ. ಗಾಜಿನಾಚೆ ರೆಕಾರ್ಡಿಂಗ್ ಮಾಡುವ ಹಿರಿಯರು, ಇರುವೆ ಕೆಮ್ಮಿದರೂ ಕೇಳಿಸಿಕೊಳ್ಳುವಂಥವರು.

"ಅಮ್ಮಾ, ನಿಮ್ಮ ಮೊಣಕಾಲು ಮಾತಾಡ್ತಿದೆ."

"ಮೊಣಕಾಲಾ?"

"ಅಲ್ಲಾಡಿಸ್ತಿದೀರಲ್ಲ, ಕುರ್ಚಿ ಕಿರ್ರ್ ಅಂತಿದೆ. ಅಂತರಿಕ್ಷದಲ್ಲಿ ಕುರ್ಚಿ ಯಾಕೆ ಕಿರ್ರ್ ಅನ್ನತ್ತೆ?"

ಹೇಗೋ ಹಾರೋಳ ಮಾತು ಸರಾಗವಾಗಿ ಬಂತು. ಕೂರೋಳ ಸರದಿ ಬಂದಾಗ ಮಾತ್ರ ಬುಗುರಿ ಮುಳ್ಳಿನ ಮೇಲೆ ಕೂತಂತಾದಳು. ರಸ್ತೆ ದಾಟದ ಹುಡುಗಿ ಹೇಗೆ ಮಾತಾಡಿಯಾಳು? ಮೆಲ್ಲಗೆ ಎಳೆದೆಳೆದು ಓದಿದಳು. ಹಿರಿಯರು ಹೆಡ್‌ಫೋನ್ ತೆಗೆದು ಕೇಳಿದರು: "ಈ ಹುಡುಗಿಗೆ ಜ್ವರ ಏನಾದ್ರೂ ಬಂದಿದ್ಯಾ?"

ಮನೆಗೆ ಬಂದು ಅಡುಗೆಮನೆಯಲ್ಲಿ ಅಭ್ಯಾಸಕ್ಕೆ ನಿಂತಳು. ಕೂರೋಳು ಬೇಕೆಂದರೆ ಕಣ್ಣೆದುರೇ ಇದ್ದಾಳಲ್ಲ! ಅಕ್ಕನ "ಹೂಂ", ಅಕ್ಕನ ನಿಟ್ಟುಸಿರು, ಅಕ್ಕ ಮಾತಿನ ನಡುವೆ ದಾರ ಕತ್ತರಿಸುವ ರೀತಿ, ಎಲ್ಲವನ್ನೂ ಸೇರಿಸಿ ಸೊರಗಿದ ದನಿಯಲ್ಲಿ ಒಂದು ಪುಟ ಓದಿದಳು. ತಿರುಗಿ ನೋಡಿದರೆ ಬಾಗಿಲಲ್ಲಿ ಅಕ್ಕ, ಕೈಯಲ್ಲಿ ಅರ್ಧ ಬಿಚ್ಚಿದ ಕಾಲರು.

"ಅದು ನಾನಾ?"

"ಯಾರು?"

"ಈಗ ಮಾತಾಡಿದ್ಯಲ್ಲ, ಗಾಳಿ ಹೋದ ಬಲೂನಿನ ಥರ."

ಬುಗುರಿ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಇಲ್ಲ ಅಕ್ಕ, ಕಥೇಲಿ ಬರೋ ಹುಡುಗಿ..."

"ಕೂತೋರಿಗೆ ಕೂರೋದು ಬಿಟ್ರೆ ಬೇರೆ ಕೆಲಸ ಇಲ್ಲ ಅಂದ್ಕೊಂಡಿದೀಯ ನೀನು," ಅಂದಳು ಅಕ್ಕ. "ನೀನು ಬಾಗಿಲು ಹಾಕ್ಕೊಂಡು ಹೋದ್ರೆ ನಿನ್ನ ತಲೆಯಿಂದ ನಾನು ಹೋಗ್ಬಿಡ್ತೀನಿ. ನನ್ನ ತಲೆಯಿಂದ ನೀನು ಹೋಗಲ್ಲ, ತಿಳ್ಕೊ."

ಅಷ್ಟು ಉದ್ದದ ಮಾತು ಅಕ್ಕನ ಬಾಯಿಂದ ಬಂದದ್ದೇ ಹೊಸದು. ಆಮೇಲೆ ಎರಡು ದಿನ "ಹೂಂ" ಕೂಡ ಇಲ್ಲ.

ಸಮಾಧಾನ ಮಾಡಲೆಂದು ಬುಗುರಿ ಅಕ್ಕನನ್ನು ಸ್ಟುಡಿಯೋಗೆ ಕರೆದಳು. ಒಲ್ಲೆ ಒಲ್ಲೆ ಎನ್ನುತ್ತಲೇ ಅಕ್ಕ ಒಂದು ಅಂಗಿಯನ್ನೂ ಸೂಜಿ ದಾರವನ್ನೂ ಚೀಲಕ್ಕೆ ಹಾಕಿಕೊಂಡು ಬಂದು ಮೂಲೆಯಲ್ಲಿ ಕೂತಳು. ಸಹಸ್ರಪದಿಗಳು ಚಪ್ಪಲಿ ಬಿಚ್ಚತೊಡಗಿದ್ದೇ ತಡ, ಫಕ್ಕೆಂದು ನಕ್ಕುಬಿಟ್ಟಳು. ಮತ್ತೆ ಓದಿದರೆ ಮತ್ತೆ ನಗು. ತಡೆಯಲು ಹೋಗಿ ಬಿಕ್ಕಳಿಕೆ ಹತ್ತಿತು.

"ತಾಯೀ, ನೀವು ಸ್ವಲ್ಪ ಹೊರಗಡೆ ಕೂತ್ಕೊಳ್ಳಿ," ಹಿರಿಯರು ಕೈಮುಗಿದರು.

ಅಧ್ಯಾಯ ಮುಗಿಸಿ ಬುಗುರಿ ಹೊರಗೆ ಬಂದಾಗ ಬೆಂಚಿನ ಮೇಲೆ ಚೀಲವಿತ್ತು, ಚೀಲದಲ್ಲಿ ಫೋನಿತ್ತು, ಅಂಗಿಯ ತೋಳಿನಲ್ಲಿ ಸೂಜಿ ಚುಚ್ಚಿದಂತೆಯೇ ಇತ್ತು. ಅಕ್ಕ ಇರಲಿಲ್ಲ.

ಮೆಟ್ಟಿಲು, ಹಿಂದಿನ ಓಣಿ, ಎದುರಿನ ಔಷಧಿ ಅಂಗಡಿ, ಎಲ್ಲ ಕಡೆ ನೋಡಿದ್ದಾಯಿತು. "ಚಿಕ್ಕ ಮಗುನಾ, ಬರ್ತಾರೆ ಬಿಡಿ," ಅಂದರು ಹಿರಿಯರು. ಬುಗುರಿಯ ಎದೆಬಡಿತ ಅವರ ಹೆಡ್‌ಫೋನಿಗೂ ಕೇಳಿಸುವಂತಿತ್ತು. ಚೀಲ ಎತ್ತಿಕೊಂಡು ಮನೆಗೆ ಓಡಿದಳು. ಬಾಗಿಲಿಗೆ ಹಾಕಿದ ಬೀಗ ಹಾಗೇ ಇತ್ತು. ನಿಲ್ದಾಣಕ್ಕೆ ಹೋಗೋಣವೆಂದು ಅರ್ಧ ಮೆಟ್ಟಿಲಿಳಿದಳು. ಅಷ್ಟರಲ್ಲಿ ಅಕ್ಕ ಇನ್ನೊಂದು ದಾರಿಯಿಂದ ಬಂದರೆ? ಬೀಗದ ಕೈಯೂ ಚೀಲದಲ್ಲೇ ಇದೆ. ಮತ್ತೆ ಹತ್ತಿದಳು. ಯಾವ ಕಡೆ ಓಡಿದರೂ ಅಕ್ಕ ಬೇರೊಂದು ಕಡೆಯಿಂದ ಬರಬಹುದಿತ್ತು. ಕಾಲು ಓಡಲು ಇಷ್ಟು ತುಡಿಯುತ್ತಿದ್ದರೂ ಕೂರದೆ ಗತಿಯಿಲ್ಲದಂಥ ಸಂಕಟವನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಬೀಗ ತೆಗೆದು ಒಳಗೆ ಹೋಗಿ ಅಕ್ಕನ ಕುರ್ಚಿಯಲ್ಲೇ ಕೂತಳು. ಅಲ್ಲಿಂದ ರಸ್ತೆಯ ತಿರುವಿನವರೆಗೂ ಕಾಣುತ್ತಿತ್ತು. ಅದು ಅವಳಿಗೆ ಗೊತ್ತೇ ಇರಲಿಲ್ಲ. ನೀಲಿ ಸೀರೆ ಕಂಡರೆ ಅಕ್ಕ, ಹತ್ತಿರ ಬಂದರೆ ಯಾರೋ. ಮೆಟ್ಟಿಲಲ್ಲಿ ಸದ್ದಾದರೆ ಅಕ್ಕ, ಆಮೇಲೆ ಕೆಳಗಿನ ಮನೆಯ ಬಾಗಿಲು ತೆರೆದ ಸದ್ದು. ಅಷ್ಟರಲ್ಲಿ ತಲೆಯೊಳಗೆ ಅಕ್ಕ ಬಸ್ಸಿನಡಿ ಬಿದ್ದಳು, ಆಸ್ಪತ್ರೆ ಸೇರಿದಳು, ಮುನಿಸಿಕೊಂಡು ದೇಶಾಂತರ ಹೋದಳು.

ಬೀದಿದೀಪ ಹತ್ತುವ ಹೊತ್ತಿಗೆ ಅಕ್ಕ ಬಂದಳು. ಬಿಸಿಲಿಗೆ ಮುಖ ಕೆಂಪಾಗಿತ್ತು, ಕೂದಲು ಕೆದರಿತ್ತು.

"ಎಲ್ಲಿಗೆ ಹಾಳಾಗಿ ಹೋಗಿದ್ದೆ?"

"ಎದುರಿಗೆ ಬಸ್ಸು ನಿಂತಿತ್ತು. ಕೊನೆಗೆ ಎಲ್ಲಿಗೆ ಹೋಗತ್ತೆ ನೋಡೋಣ ಅನ್ನಿಸ್ತು. ಹತ್ತಿದೆ."

"ಹೇಳಿ ಹೋಗೋಕೆ ಏನಾಗಿತ್ತು ನಿಂಗೆ?"

"ನೀನು ಹೇಳಿ ಹೋಗ್ತಿದ್ಯಾ?"

ಬುಗುರಿ ಗೊಳೋ ಎಂದು ಅತ್ತಳು. ಅಕ್ಕ ಅವಳ ಬೆನ್ನಿಗೊಂದು ಗುದ್ದು ಕೊಟ್ಟು, "ಸಾಕು, ಏಳು ನನ್ನ ಕುರ್ಚಿಯಿಂದ," ಅಂದಳು.

ಮರುದಿನ ಓದಬೇಕಿದ್ದ ಅಧ್ಯಾಯದಲ್ಲಿ ಕೂರೋಳು ನೌಕೆಯ ದುಂಡು ಕಿಟಕಿಯ ಬಳಿ ನಿಂತು, ತನ್ನನ್ನು ಮನೆಗೆ ಕರೆದೊಯ್ಯಲು ಹಾರೋಳು ಬರುತ್ತಾಳೆಂದು ಕಾಯುತ್ತಾಳೆ. ಹಾದುಹೋಗುವ ಒಂದೊಂದು ಗ್ರಹವನ್ನೂ ದಿಟ್ಟಿಸಿ, "ನೀನೂ ಅಲ್ಲ, ಹೋಗು," ಎಂದು ಬೈಯುತ್ತಾಳೆ. ಬುಗುರಿ ಈ ಸಲ ಎಳೆಯಲಿಲ್ಲ. ಕಿವಿ ನಿಮಿರಿಸಿಕೊಂಡು, ಚುರುಕಾಗಿ, ಸಣ್ಣ ದನಿಯಲ್ಲಿ ಓದಿದಳು. ಕುರ್ಚಿ ಸುಮ್ಮನಿತ್ತು. ಹಿರಿಯರು ಗಾಜಿನಾಚೆ ಎಲ್ಲೂ ತಡೆಯದೆ ಪುಟ ತಿರುಗಿಸಿದರು.

ಧ್ವನಿಪುಸ್ತಕ ಹೊರಬಂದಾಗ ಮಕ್ಕಳು ಮೆಚ್ಚಿದ್ದು ಕೂರೋಳನ್ನೇ. ಬುಗುರಿಗೆ ಕೊಂಚ ಹೊಟ್ಟೆಯುರಿಯಿತು. ಹಾರೋಳಿಗೆ ತಾನು ಕೊಟ್ಟ ದನಿ ಯಾರಿಗೂ ಬೇಡವಾಯಿತಲ್ಲ! ಹಾಗೆಂದು ಅವಳು ಸ್ಟುಡಿಯೋದಲ್ಲಿ ಬೇರೂರಲಿಲ್ಲ. ಮತ್ತೊಂದು ಪುಸ್ತಕ ಓದಿದಳು, ನಡುವೆ ಬೇಜಾರಾಗಿ ಸಸಿ ಮಾರುವ ಕಡೆ ಸೇರಿದಳು, ಅಲ್ಲಿಂದ ಬಿಟ್ಟು ಮರಳಿ ಬಂದು ಹಿರಿಯರಿಂದ ಬೈಸಿಕೊಂಡಳು. ಆದರೆ ಹೊರಡುವಾಗ ಎಲ್ಲಿಗೆಂದು ಹೇಳಿ ಹೋಗುವ ಅಭ್ಯಾಸ ಬಂತು. ಹೇಳಿದ ಕಡೆಗೇ ಹೋಗುತ್ತಿದ್ದಳೆಂದಲ್ಲ.

ಅಕ್ಕನೂ ಆಗೊಮ್ಮೆ ಈಗೊಮ್ಮೆ ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿ ಯಾವುದಾದರೂ ಬಸ್ಸು ಹತ್ತುತ್ತಾಳೆ. ಈಗ ಫೋನು ಒಯ್ಯುತ್ತಾಳೆ.

"ನಾನೀಗ ಒಂದು ಸೇತುವೆ ಮೇಲಿದೀನಿ ಕಣೇ. ಗಾಳಿ ಜೋರು. ಫೋನ್ ಇಟ್ಬಿಡ್ಲಾ?"

"ಬೇಡ," ಎನ್ನುತ್ತಾಳೆ ಬುಗುರಿ, ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತ. "ಕೆಳಗೆ ನೀರಿದ್ಯಾ, ರೈಲಿದ್ಯಾ? ಹೇಳು."