ಕಮಲತ್ತಿಗೆ ಇಂಗ್ಲಿಷ್ ಕಲಿಸಿದ ಮೇ ತಿಂಗಳು

ಆಗ ಮಲಾಡ್‌ನ ನಮ್ಮ ಚಾಳ್‌ನಲ್ಲಿ ನೀರು ಬರುತ್ತಿದ್ದುದು ದಿನಕ್ಕೊಂದೇ ಹೊತ್ತು. ನಮ್ಮ ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ನನ್ನೊಬ್ಬಳಿಗೇ. ನಾನು ಐದನೆಯ ಇಯತ್ತೆ ಮುಗಿಸಿದ್ದೆ. ಆ ರಜೆಯಲ್ಲಿ ಅಪ್ಪನ ತಂಗಿ ಕಮಲತ್ತಿ ಬೆಳಗಾವಿಯಿಂದ ಒಂದು ಟ್ರಂಕು ಹಿಡಿದು ಬಂದಳು. ಗಂಡ ಬೇರೆ ಸಂಸಾರ ಹೂಡಿ ಅವಳನ್ನು ಅತ್ತೆಮಾವರ ಚಾಕರಿಗೆ ಬಿಟ್ಟಿದ್ದ. ದೊಡ್ಡವರು ಅದನ್ನು ನನ್ನೆದುರು ಆಡುತ್ತಿರಲಿಲ್ಲ. ಆದರೆ ಒಂದೇ ಖೋಲಿಯ ಮನೆಯಲ್ಲಿ ಮಾತು ಮುಚ್ಚಿಡುವುದಾದರೂ ಎಲ್ಲಿ?

ಸ್ಟೇಷನ್ ಹತ್ತಿರದ ಬಿಲ್ಡಿಂಗೊಂದರಲ್ಲಿ ನರ್ಸರಿ ಶಾಲೆ ಶುರುವಾಗುವುದಿತ್ತು. ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಹೆಂಗಸು ಬೇಕಿತ್ತು. ಅವಳಿಗೂ ನಾಲ್ಕು ಮಾತು ಇಂಗ್ಲಿಷ್ ಬರಬೇಕಂತೆ. ಕೆಲಸ ಸಿಗದಿದ್ದರೆ ಅತ್ತಿ ಅತ್ತೆಮನೆಗೇ ಮರಳಬೇಕೆಂದು ಅಪ್ಪ ಹೇಳಿಬಿಟ್ಟಿದ್ದ. ಕಲಿಸುವ ಜವಾಬ್ದಾರಿ ನನ್ನ ಮೇಲೆ ಬಿತ್ತು.

ಅತ್ತಿ ರೊಟ್ಟಿ ಬಡಿಯುವಾಗ ನಾನು ಗೆರೆ ಎಳೆಯುವ ಫೂಟಪಟ್ಟಿ ಹಿಡಿದು ಎದುರು ಕೂರುತ್ತಿದ್ದೆ. ಹಂಚಿನ ಮೇಲೆ ಉದುರಿದ ಜೋಳದ ಹಿಟ್ಟು ಸೀಯುವ ವಾಸನೆಯಲ್ಲೇ ಪಾಠ. "ಐ ಗೋ, ಯೂ ಗೋ, ವಿ ಗೋ" ಎಂಬುದು ಅವಳ ಕೈಬಡಿತಕ್ಕೆ ಸರಿಯಾಗಿ ಕೂಡುತ್ತಿತ್ತು. "ಹಿ" ಬಂತೋ, ಕೈ ನಿಲ್ಲುತ್ತಿತ್ತು.

"ಹಿ ಗೋ."

"ಗೋಸ್! ಎಸ್ ಹಚ್ಚಬೇಕು ಅತ್ತಿ."

"ನಿನ್ನಿ ಬಾಳ ಮಂದಿ ಇದ್ದರ ಎಸ್ ಹಚ್ಚು ಅಂದಿ. ಬಾಯ್ಸ್, ಗರ್ಲ್ಸ್. ಇವತ್ತ ಒಬ್ಬಾಂವ ಹೋದರೂ ಎಸ್ ಅಂತಿ. ನಮ್ಮಾಗ ನೋಡು, ಅಂವ ಹೋಗತಾನ, ಅಕಿ ಹೋಗತಾಳ. ಇವರಿಗೆ ಗಂಡಸು ಹೆಂಗಸು ಎಲ್ಲಾ ಒಂದ ಗೋಸ್ ಏನು?"

ನನಗೇನು ಗೊತ್ತು? ಟೀಚರ್ ಹೇಳಿದ್ದನ್ನೇ ಹೇಳಿದೆ. "ದಿನಾ ಆಗೂದಕ್ಕ, ಯಾವಾಗಲೂ ಖರೇ ಇರೂದಕ್ಕ ಹಿಂಗ ಹೇಳಬೇಕು."

ಅತ್ತಿ ನಕ್ಕು, ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ, ಎಣ್ಣೆ ಸುರಿದು ನನ್ನ ಬಾಯಿ ಮುಚ್ಚಿಸಿದಳು.

ಶಾಲೆಯ ಮೇಡಮ್ ಅತ್ತಿಯ ಗಂಡನ ಬಗ್ಗೆ ಕೇಳಿಯೇ ಕೇಳುತ್ತಾರೆಂದು, ಅವನು ತಿಂಗಳಿಗೊಮ್ಮೆ ಬರುತ್ತಾನೆನ್ನಲು ಕಲಿಸೆಂದು ಅಪ್ಪ ಹೇಳಿದ. ನಾನು ಅದನ್ನು ಇಂಗ್ಲಿಷ್ ಮಾಡಿದೆ. "ಮೈ ಹಸ್ಬೆಂಡ್ ಕಮ್ಸ್ ಎವ್ರಿ ಮಂತ್." ಅಷ್ಟು ಹೊತ್ತಿಗೆ ಗೋಸ್, ಈಟ್ಸ್ ಎಲ್ಲ ಬರುತ್ತಿತ್ತು. ಈ ಸಾಲಿನಲ್ಲಿ ಮಾತ್ರ ಮೂರು ದಿನವಾದರೂ "ಕಮ್" ಎಂದೇ ಹೇಳಿದಳು. ನಾನು ಪಟ್ಟಿ ನೆಲಕ್ಕೆ ಬಡಿದೆ. "ಢ ಇದ್ದಿ ನೀ, ದಡ್ಡಿ!"

ಅತ್ತಿ ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ಎಸ್ ನೆನಪ ಐತೆವ್ವಾ. ಆದರ ಖರೇ ಇರೂದಕ್ಕ ಹಿಂಗ ಹೇಳಬೇಕಂತ ನೀನ ಹೇಳಿದಿ. ಅಂವ ನನ್ನ ಮಾರಿ ನೋಡಿ ಎರಡ ವರ್ಷ ಆತು."

ಪಟ್ಟಿ ಬದಿಗಿಟ್ಟೆ. ಅವತ್ತು ಅವಳಿಗೆ "ಡಸ್ ನಾಟ್" ಕಲಿಸಿದೆ.

ಕೆಲಸ ಕೇಳಲು ಹೋಗುವ ದಿನ ಶಾಲೆಗೆ ನಾನೂ ಜೊತೆಗೆ ಹೋದೆ. ಬೆವೆತ ಅವಳ ಅಂಗೈಯಿಂದ ನನ್ನ ಕೈ ಜಾರುತ್ತಿತ್ತು. ನಾಳೆ ಗಂಡ ಬಂದು ಕರೆದರೆ ಕೆಲಸ ಬಿಟ್ಟು ಹೋಗುತ್ತೀಯಾ ಎಂದು ಮೇಡಮ್ ಹಿಂದಿಯಲ್ಲಿ ಕೇಳಿದರು. ಅತ್ತಿ ನನ್ನತ್ತ ತಿರುಗಲಿಲ್ಲ.

"ಮೈ ಹಸ್ಬೆಂಡ್ ಡಸ್ ನಾಟ್ ಕಮ್. ಐ ಕಮ್ ಎವ್ರಿ ಡೇ."

ಮೇಡಮ್ ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಮಂಡೇ ಸೆ ಆ ಜಾನಾ" ಎಂದರು. ಸೋಮವಾರದಿಂದ ಕೆಲಸ! ಬರುವಾಗ ಇಬ್ಬರೂ ಬೀದಿಯಲ್ಲೇ ನಿಂತು ತುಟಿ ಕೆಂಪಾಗುವಂತೆ ಬರ್ಫದ ಗೋಲಾ ಚೀಪಿದೆವು.

"ಹಂಗ ಹೇಳಿದೇನು?" ಎಂದ ಅಪ್ಪ, ಮನೆಯಲ್ಲಿ ಎಲ್ಲ ಕೇಳಿದ ಮೇಲೆ. ಎದ್ದು, ಬಾಗಿಲ ಬಳಿಯೇ ಇದ್ದ ಅವಳ ಟ್ರಂಕನ್ನು ಮಂಚದ ಕೆಳಗೆ ತಳ್ಳಿದ.

ಅತ್ತಿ ಹದಿನೆಂಟು ವರ್ಷ ಅಲ್ಲಿ ದುಡಿದಳು. ಈಗ ಅವಳಿಲ್ಲ, ಚಾಳ್ ಇದ್ದಲ್ಲಿ ಟವರ್ ಎದ್ದಿದೆ. ನಮ್ಮ ಮನೆಯಲ್ಲೀಗ ಮೂರು ಕೋಣೆ. ಮಗಳು ಒಂದರಲ್ಲಿ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಫ್ರೆಂಚ್ ಕಲಿಯುತ್ತಾಳೆ. ಮೊನ್ನೆ ಬಾಗಿಲು ಸರಿಸಿ, "ನನಗೂ ಕಲಿಸು ಬಾರವ್ವಾ" ಅಂದೆ.

"ಮಮ್ಮಾ, ಆ್ಯಪ್ ಡೌನ್‌ಲೋಡ್ ಮಾಡು ನಾ" ಅಂದಳು.

ಮಾಡಿಕೊಂಡೆ. ಒಳ್ಳೆಯ ಮೇಷ್ಟ್ರು ಅದು, ಎಷ್ಟು ತಪ್ಪಿದರೂ ಸಿಟ್ಟಾಗುವುದಿಲ್ಲ. ಯಾಕೆ ಹೀಗೆ ಎಂದು ಜಗಳ ತೆಗೆಯೋಣವೆಂದರೆ ಮಾತ್ರ ಎದುರಿಗೆ ಯಾರೂ ಇರುವುದಿಲ್ಲ.