ಎರಡಾಗುವ ಬ್ರೋಚ್

ಕೋವಿಡ್ ಕಳೆದು ಪೇಟೆ ಬೀದಿಗಳು ಮತ್ತೆ ತುಂಬಿಕೊಂಡ ವರ್ಷ. ಮುಂಬೈಯಲ್ಲಿ ಹಳೆಯ ವಜ್ರಾಭರಣಗಳ ದುರಸ್ತಿ ಕಲಿತಿದ್ದ ನಾನು ಚಿಕ್ಕಬಳ್ಳಾಪುರದ ಒಂದು ಒಡವೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಇಲ್ಲಿ ಜನ ತರುತ್ತಿದ್ದುದೆಲ್ಲ ಚಿನ್ನ. ನಾನು ಕಲಿತದ್ದರ ಬಗ್ಗೆ ಮಾತಾಡಲೂ ಯಾರೂ ಇರಲಿಲ್ಲ.

ಒಂದು ಬೆಳಿಗ್ಗೆ ಶಿಡ್ಲಘಟ್ಟದಿಂದ ಜುಬೇದಾ ಟೀಚರ್ ಬಂದರು. ಉರ್ದು ಶಾಲೆಯಿಂದ ನಿವೃತ್ತರಾಗಿ ಒಬ್ಬರೇ ಇದ್ದವರು. ಕರವಸ್ತ್ರ ಬಿಚ್ಚಿ, ಉಡುಪಿಗೆ ಸಿಕ್ಕಿಸಿಕೊಳ್ಳುವ ಒಂದು ಬ್ರೋಚನ್ನು ಮೇಜಿನ ಮೇಲಿಟ್ಟರು.

“ಇದನ್ನ ಸರಿಯಾಗಿ ಅರ್ಧ ಮಾಡ್ಕೊಡಿ. ಕತ್ತರಿಸಿದ್ರೂ ಪರವಾಗಿಲ್ಲ.”

ಕೈಗೆತ್ತಿಕೊಂಡು ನೋಡಿದೆ. ಪ್ಲಾಟಿನಂ ಕಟ್ಟು, ಸಣ್ಣ ಇಟ್ಟಿಗೆಗಳಂತೆ ಉದ್ದುದ್ದ ಕೊರೆದ ಬ್ಯಾಗೆಟ್ ವಜ್ರಗಳು. ಎರಡು ಮಹಾಯುದ್ಧಗಳ ನಡುವೆ ಯುರೋಪಿನ ವಿನ್ಯಾಸಕಾರರು ಹೂಬಳ್ಳಿಗಳನ್ನು ಬಿಟ್ಟು ನೇರ ಗೆರೆ, ತ್ರಿಕೋನಗಳಿಗೆ ಒಲಿದಿದ್ದರು. ಇದು ಆ ಕಾಲದ ಕೆಲಸ. ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದ ಇಂಗ್ಲಿಷ್ ಹೆಂಗಸೊಬ್ಬಳು ಊರಿಗೆ ಮರಳುವಾಗ ಮಾರಿದ್ದನ್ನು, ರೇಷ್ಮೆ ವ್ಯಾಪಾರಿಯಾಗಿದ್ದ ಟೀಚರ್ ತಂದೆ ಕೊಂಡಿದ್ದರಂತೆ.

“ಯಾಕಮ್ಮ ಕತ್ತರಿಸೋದು?”

“ಅಮ್ಮಿ ಸಾಯೋವಾಗ ‘ಇಬ್ರದೂ’ ಅಂದ್ರು. ಒಂದೇ ವಸ್ತು ಇಬ್ರದು ಹೇಗಾಗ್ತದೆ? ನಾನೇ ಇಟ್ಕೊಂಡೆ. ತಂಗಿ ನಸೀಮಾ ಚಿಂತಾಮಣೀಲಿದಾಳೆ. ಅವತ್ತಿಂದ ಮಾತಿಲ್ಲ. ಈಗ ಅರ್ಧ ಕೊಟ್ಬಿಡ್ತೀನಿ.”

ಬ್ರೋಚನ್ನು ತಿರುಗಿಸಿ ಭೂತಗನ್ನಡಿ ಹಿಡಿದೆ. ಹಿಂದಿನ ಚೌಕಟ್ಟಿನಲ್ಲಿ ಕೊಳೆ ತುಂಬಿದ ಸಣ್ಣ ಕೊಂಡಿಯಿತ್ತು. ತೊಳೆದು, ಎಣ್ಣೆ ಹಚ್ಚಿ, ಉಗುರಿನಿಂದ ಒತ್ತಿದೆ. ಬ್ರೋಚ್ ಚೌಕಟ್ಟಿನಿಂದ ಕಳಚಿ, ಎರಡಾಗಿ ಜಾರಿ ಅಂಗೈಗೆ ಬಂತು. ಒಂದಕ್ಕೊಂದು ಜೋಡಿಯಾದ ಎರಡು ಕ್ಲಿಪ್‌ಗಳು! ಬೇಕೆಂದಾಗ ಒಂದು, ಬೇಡವೆಂದಾಗ ಎರಡಾಗುವ ಇಂಥ ಬ್ರೋಚುಗಳು ಆಗ ಬಲು ಜನಪ್ರಿಯ. ನಾನು ಹಿಗ್ಗಿ ತಲೆಯೆತ್ತಿದೆ. ಟೀಚರ್ ಮುಖದಲ್ಲಿ ನಗು ಇರಲಿಲ್ಲ.

“ಮೊದಲಿಂದ್ಲೂ ಎರಡೇನಾ?”

“ಹೌದಮ್ಮ.”

“ಅಮ್ಮಿಗೆ ಗೊತ್ತಿತ್ತು. ನಾವು ಕೇಳ್ಲೇ ಇಲ್ಲ.” ಸೆರಗಿನಿಂದ ಕಣ್ಣೊರೆಸಿಕೊಂಡರು. “ಇಷ್ಟು ವರ್ಷ ಯಾತಕ್ಕಪ್ಪ ಜಗಳ ಆಡಿದ್ವಿ?”

ಎರಡು ಕ್ಲಿಪ್‌ಗಳನ್ನೂ ತೆಗೆದುಕೊಂಡು ಅಲ್ಲಿಂದಲೇ ಚಿಂತಾಮಣಿ ಬಸ್ಸು ಹತ್ತಿದರು. ಕೊಂಡಿ ಸರಿಪಡಿಸಲೆಂದು ಚೌಕಟ್ಟು ನನ್ನಲ್ಲೇ ಉಳಿಯಿತು.

ಮುಂದಿನ ವಾರ ಬಂದಾಗ ನಾನು ಕೇಳುವ ಮೊದಲೇ ಹೇಳಿದರು: “ತಗೊಂಡ್ಲು. ಬಾಗ್ಲಲ್ಲೇ ನಿಂತು ತಿರುಗಿಸಿ ತಿರುಗಿಸಿ ನೋಡಿದ್ಲು. ‘ಸರಿ ಆಪಾ’ ಅಂದ್ಲು. ಒಳಗೆ ಬಾ ಅನ್ಲಿಲ್ಲ.”

ಚೌಕಟ್ಟು ಮುಂದಿಟ್ಟೆ. ಎರಡೂ ಕ್ಲಿಪ್ ಕೂಡಿಸುವಾಗ ಬೇಕಾಗುತ್ತದೆ ಎಂದೆ.

“ನಿಮ್ಮ ಹತ್ರಾನೇ ಇರಲಿ. ಅವಳು ಯಾವತ್ತಾದ್ರೂ ಕೇಳ್ಕೊಂಡು ಬಂದ್ರೆ ಕೊಡಿ,” ಎಂದು ಎದ್ದು ಹೊರಟರು.

ನಸೀಮಾ ಬರಲಿಲ್ಲ. ಪಾಲಿಗಾಗಿ ಒಡವೆಯನ್ನು ಒಡೆಸಲು ಯಾರೇ ತಂದರೂ ನಾನೀಗ ಉಳಿ ಮುಟ್ಟುವ ಮೊದಲು ಹೇಳುತ್ತೇನೆ: “ಇನ್ನೊಬ್ರನ್ನೂ ಕರ್ಕೊಂಡು ಬನ್ನಿ. ಇಬ್ರೂ ಇಲ್ಲೇ ಕೂತ್ಕೊಳ್ಳಿ.” ಒಮ್ಮೊಮ್ಮೆ ಇಬ್ಬರೂ ಬರುತ್ತಾರೆ. ಆಗ ಚಹಾ ತರಿಸಿ, ನಾನು ಬೇಕೆಂದೇ ಕೆಲಸ ನಿಧಾನ ಮಾಡುತ್ತೇನೆ.